ಕೊಬ್ಬರಿಯ ಹಿಂಡಿಯೂ ಹೊಂಡದ ಮೀನೂ



ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ತಿಪಟೂರು ಸೀಮೆಯ ಪರಿಚಯ ಇದ್ದೇ ಇರುತ್ತದೆ. ಗುಬ್ಬಿಯನ್ನು ದಾಟಿದ ಮೇಲೆ ಕಿಟಕಿಯ ಎರಡು ಕಡೆಯೂ ತೆಂಗಿನ ತೋಟಗಳೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಜನ ಬದುಕುವುದು ಈ ಮರದ ಆಶ್ರಯದಲ್ಲಿ. ಕಾಯಿ ಅಟ್ಟವನ್ನೇರಿ, ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬರುತ್ತದೆ. ಒಡೆದದ್ದು, ಬಣ್ಣ ಕೆಟ್ಟದ್ದು ಗಾಣಕ್ಕೆ ಹೋಗುತ್ತದೆ. ಗಾಣದಿಂದ ಎಣ್ಣೆ ಊರಿಗೆ. ಉಳಿದ ಹಿಂಡಿ ಹಸುವಿನ ಕಲಗಚ್ಚಿಗೆ. ಇದು ಬಹುಕಾಲದ ಪದ್ಧತಿ.

ಈಚಿನ ವರ್ಷಗಳಲ್ಲಿ ಈ ಹಿಂಡಿಗೆ ಮತ್ತೊಬ್ಬ ಗಿರಾಕಿ ಹುಟ್ಟಿಕೊಂಡಿದ್ದಾನೆ. ಮಳೆಯ ನೀರನ್ನು ಹಿಡಿದಿಡಲು ರೈತರು ಜಮೀನಿನಲ್ಲಿ ಕೃಷಿ ಹೊಂಡಗಳನ್ನು ತೋಡಿಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ನೀರು ನಿಂತ ಮೇಲೆ ಅದರಲ್ಲಿ ಮೀನಿನ ಮರಿ ಬಿಡಬಹುದಲ್ಲ ಎಂಬ ಯೋಚನೆ ಬರುವುದು ಸಹಜ. ಮರಿ ಬಿಟ್ಟ ಮೇಲೆ ಅದಕ್ಕೆ ಮೇವು ಬೇಕು. ಮನೆಯಲ್ಲಿಯೇ ಹಿಂಡಿ ಇರುವಾಗ ಹೊರಗೆ ಹಣ ಚೆಲ್ಲುವುದೇಕೆ?

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಹತ್ತಿರ ತೋಟವಿರುವ ನನ್ನ ಪರಿಚಿತ ಗೌಡರೊಬ್ಬರು ಹೀಗೆಯೇ ಮಾಡಿದರು. ಹೊಂಡಕ್ಕೆ ಕಾಟ್ಲಾ, ರೋಹು, ಗೆಂಡೆಯ ಮರಿಗಳನ್ನು ಬಿಟ್ಟು ಎಂಟು ತಿಂಗಳು ತಪ್ಪದೆ ಕೊಬ್ಬರಿಯ ಹಿಂಡಿ ನೆನೆಸಿ ಹಾಕಿದರು. ಕಳೆದ ಬೇಸಿಗೆಯಲ್ಲಿ ನಾನು ಆ ಕಡೆ ಹೋಗಿದ್ದಾಗ ಹೊಂಡದ ದಡಕ್ಕೆ ಕರೆದುಕೊಂಡು ಹೋಗಿ ಬಲೆ ಎಳೆಸಿ ತೋರಿಸಿದರು. ಮೀನುಗಳು ಚುರುಕಾಗಿದ್ದವು, ಗಾಯವಿಲ್ಲ, ಹುಣ್ಣಿಲ್ಲ. ಆದರೆ ಒಂದೊಂದೂ ಅಂಗೈಯಗಲವನ್ನು ಮೀರಿರಲಿಲ್ಲ.

"ಹಿಂಡಿ ಹಾಕಿ ಹಾಕಿ ಸಾಕಾಯ್ತು, ಮೇಷ್ಟ್ರೇ," ಎಂದರು ಗೌಡರು. "ತಿನ್ನೋದಕ್ಕೇನೂ ಕಮ್ಮಿ ಮಾಡ್ಲಿಲ್ಲ. ಬೆಳೆಯೋದು ಮಾತ್ರ ಬೆಳೀಲಿಲ್ಲ. ಇದೇ ಹಿಂಡಿ ತಿಂದು ನಮ್ಮ ಹಸು ಚೆನ್ನಾಗಿ ಹಾಲು ಕೊಡ್ತದೆ. ಮೀನಿಗೂ ದೃಷ್ಟಿ ತಾಕುತ್ತಾ?"

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನೇ ಹೊರತು ಮೀನು ಸಾಕಿದವನಲ್ಲ. ಆದರೂ ಗೌಡರ ಪ್ರಶ್ನೆಯ ಉತ್ತರ ರಸಾಯನಶಾಸ್ತ್ರದಲ್ಲಿಯೇ ಇದೆ. ಆ ಉತ್ತರವನ್ನು ಈ ದಿನ ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಪ್ರಾಣಿಯ ಮೈ ಬೆಳೆಯುವುದೆಂದರೆ ಮುಖ್ಯವಾಗಿ ಮಾಂಸ ಬೆಳೆಯುವುದು. ನೀರನ್ನು ಬಿಟ್ಟರೆ ಮಾಂಸದಲ್ಲಿ ಹೆಚ್ಚಾಗಿರುವ ವಸ್ತು ಸಸಾರಜನಕ, ಅಂದರೆ ಪ್ರೋಟೀನು. ಈ ಪ್ರೋಟೀನು ಒಂದೇ ವಸ್ತುವಿನ ಹೆಸರಲ್ಲ. ಅಮೈನೋ ಆಮ್ಲಗಳೆಂಬ ಸಣ್ಣ ಸಣ್ಣ ಘಟಕಗಳು ಸರಪಣಿಯಂತೆ ಒಂದಕ್ಕೊಂದು ಕೂಡಿ ಆದ ಸಾವಿರಾರು ವಸ್ತುಗಳ ಒಟ್ಟು ಹೆಸರು. ಹೀಗೆ ಕೂಡುವ ಅಮೈನೋ ಆಮ್ಲಗಳು ಸಾಮಾನ್ಯವಾಗಿ 20 ಬಗೆ. ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಮುದ್ರಣಾಲಯವನ್ನು ತಾವು ಕಂಡಿದ್ದರೆ ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಪೆಟ್ಟಿಗೆಯ ಮನೆಮನೆಯಲ್ಲಿಯೂ ಒಂದೊಂದು ಅಕ್ಷರದ ಮೊಳೆ. ಜೋಡಿಸುವವನು ಒಂದೊಂದನ್ನೇ ತೆಗೆದು ಪದ ಕಟ್ಟುತ್ತಾನೆ. 'ಕಲ್ಪತರು' ಎಂಬ ಪದವನ್ನು ನೂರು ಸಲ ಜೋಡಿಸಬೇಕಾಗಿದೆ ಎನ್ನಿ. 'ಕ' ಸಾವಿರವಿದೆ, 'ತ' ಸಾವಿರವಿದೆ, 'ರು' ಸಾವಿರವಿದೆ. 'ಲ್ಪ' ಮಾತ್ರ ನಲವತ್ತಿದೆ. ಆಗ ಅವನು ನಲವತ್ತು ಪದ ಕಟ್ಟಿ ಕೈ ಕಟ್ಟಿಕೊಂಡು ಕೂರಬೇಕು. ಮಿಕ್ಕ ಮೊಳೆಗಳು ಎಷ್ಟಿದ್ದರೇನು?

ಪ್ರಾಣಿಯ ಜೀವಕೋಶದ ಪಾಡೂ ಇದೇ. ತಿಂದ ಪ್ರೋಟೀನನ್ನು ಕರುಳು ಬಿಡಿ ಮೊಳೆಗಳಾಗಿ ಒಡೆಯುತ್ತದೆ. ಮೈ ಅವನ್ನು ತನಗೆ ಬೇಕಾದ ಕ್ರಮದಲ್ಲಿ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಇಪ್ಪತ್ತರಲ್ಲಿ ಕೆಲವನ್ನು ಪ್ರಾಣಿ ತಾನೇ ತಯಾರು ಮಾಡಿಕೊಳ್ಳಬಲ್ಲುದು. ಉಳಿದವು ಆಹಾರದಲ್ಲಿ ಸಿದ್ಧವಾಗಿಯೇ ಬರಬೇಕು. ಇವನ್ನು ಅವಶ್ಯಕ ಅಮೈನೋ ಆಮ್ಲಗಳೆನ್ನುತ್ತಾರೆ.

ಈ ಸತ್ಯ ಜಗತ್ತಿಗೆ ಸ್ಪಷ್ಟವಾದದ್ದು ಮೀನಿನಿಂದಲ್ಲ, ಇಲಿಯಿಂದ. ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ವಿದ್ವಾಂಸರು 1914ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈಗಲೂ ಓದತಕ್ಕವು. ಗೋಧಿಯಿಂದ ತೆಗೆದ ಒಂದು ಪ್ರೋಟೀನನ್ನು ಮಾತ್ರ ಮರಿ ಇಲಿಗಳಿಗೆ ಕೊಟ್ಟರು. ಇಲಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ, ಮರಿಗಳಾಗಿಯೇ ನಿಂತುಬಿಟ್ಟವು. ಅದೇ ಆಹಾರಕ್ಕೆ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಕೂಡಿಸಿದೊಡನೆ ನಿಂತಿದ್ದ ಬೆಳವಣಿಗೆ ಮತ್ತೆ ಸಾಗಿತು. ಗೌಡರ ಹೊಂಡದ ಮೀನನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಈ ಇಲಿಗಳೇ.

ಮೀನಿನ ಸರದಿ ಬಂದದ್ದು ನಾಲ್ಕು ದಶಕಗಳ ತರುವಾಯ. 1957ರಲ್ಲಿ ಅಮೆರಿಕದ ಹಾಲ್ವರ್ ಮತ್ತು ಅವರ ಜೊತೆಗಾರರು ಸಾಲ್ಮನ್ ಜಾತಿಯ ಮೀನುಗಳಿಗೆ ಶುದ್ಧ ಅಮೈನೋ ಆಮ್ಲಗಳನ್ನೇ ಬೆರಸಿ ಆಹಾರ ತಯಾರಿಸಿದರು. ಒಂದೊಂದು ಸಲ ಒಂದೊಂದನ್ನು ಬಿಟ್ಟು ನೋಡಿದರು. ಹತ್ತರಲ್ಲಿ ಯಾವುದೊಂದನ್ನು ಬಿಟ್ಟರೂ ಬೆಳವಣಿಗೆ ನಿಲ್ಲುತ್ತಿತ್ತು. ಆ ಹತ್ತು ಇವು: ಆರ್ಜಿನೀನ್, ಹಿಸ್ಟಿಡೀನ್, ಐಸೊಲ್ಯೂಸೀನ್, ಲ್ಯೂಸೀನ್, ಲೈಸೀನ್, ಮೆಥಿಯೋನೀನ್, ಫಿನೈಲ್‌ಅಲನೀನ್, ಥ್ರಿಯೋನೀನ್, ಟ್ರಿಪ್ಟೊಫೇನ್, ವ್ಯಾಲೀನ್. ಈ ಹೆಸರುಗಳನ್ನು ತಾವು ನೆನಪಿಡಬೇಕಾಗಿಲ್ಲ. ಲೈಸೀನ್ ಮತ್ತು ಮೆಥಿಯೋನೀನ್ ಎಂಬ ಎರಡನ್ನು ನೆನಪಿಟ್ಟರೆ ನಮ್ಮ ಇಂದಿನ ಕೆಲಸಕ್ಕೆ ಸಾಕು.

ನಮ್ಮ ಕೆರೆಗಳ ಗೆಂಡೆಯ ಜಾತಿ ಈ ಪರೀಕ್ಷೆಗೆ ಸುಲಭವಾಗಿ ಒಗ್ಗಲಿಲ್ಲ. ಬಿಡಿ ಅಮೈನೋ ಆಮ್ಲಗಳ ಆಹಾರವನ್ನು ಕೊಟ್ಟರೆ ಗೆಂಡೆ ಬೆಳೆಯುತ್ತಲೇ ಇರಲಿಲ್ಲ. 1974ರಲ್ಲಿ ಜಪಾನಿನ ನೋಸೆ ಮತ್ತು ಅವರ ಸಂಗಡಿಗರು ಆ ಆಹಾರದ ಹುಳಿಯನ್ನು ಕ್ಷಾರದಿಂದ ತಗ್ಗಿಸಿದ ಮೇಲೆ ಮೀನು ಬೆಳೆಯಿತು. ಗೆಂಡೆಗೂ ಅದೇ ಹತ್ತು ಅವಶ್ಯಕವೆಂದು ಸ್ಥಿರಪಟ್ಟಿತು. ನಮ್ಮ ದೇಶದ ಕಾಟ್ಲಾ ಮೀನಿನ ಲೆಕ್ಕವನ್ನು ತೆಗೆದವರು ನಮ್ಮ ಕರ್ನಾಟಕದವರೇ ಆದ ರವಿ ಮತ್ತು ದೇವರಾಜ್ ಅವರು. ಅವರ ಲೇಖನ 1991ರಲ್ಲಿ ಪ್ರಕಟವಾಯಿತು. ಕಾಟ್ಲಾ ಮರಿಯ ಆಹಾರದಲ್ಲಿ ಪ್ರತಿ 100 ಗ್ರಾಂ ಪ್ರೋಟೀನಿನೊಳಗೆ ಲೈಸೀನ್ ಸುಮಾರು 6.2 ಗ್ರಾಂ, ಮೆಥಿಯೋನೀನ್ ಸುಮಾರು 3.5 ಗ್ರಾಂ ಇರಬೇಕೆಂದು ಅವರು ಕಂಡರು.

ಈ ಅಳತೆಗೋಲನ್ನು ಹಿಡಿದುಕೊಂಡು ಕೊಬ್ಬರಿಯ ಹಿಂಡಿಯನ್ನು ನೋಡೋಣ. ಹಿಂಡಿಯ ತೂಕದಲ್ಲಿ ಪ್ರೋಟೀನು ಸುಮಾರು ಐದನೆಯ ಒಂದು ಪಾಲು. ಬೆಳೆಯುವ ಗೆಂಡೆಯ ಮರಿಗಾದರೋ ಆಹಾರದ ಮೂರನೆಯ ಒಂದು ಪಾಲಿನಷ್ಟು ಪ್ರೋಟೀನು ಬೇಕು. ಇದು ಮೊದಲನೆಯ ಕೊರತೆ. ಎರಡನೆಯದು ಇನ್ನೂ ದೊಡ್ಡದು. ಕೊಬ್ಬರಿಯ ಪ್ರೋಟೀನು 100 ಗ್ರಾಮಿನಲ್ಲಿ ಲೈಸೀನ್ ಇರುವುದು ಎರಡೂವರೆಯಿಂದ ಮೂರು ಗ್ರಾಂ. ಬೇಕಾದುದರ ಅರ್ಧಕ್ಕೂ ಕಡಮೆ. ಮೆಥಿಯೋನೀನ್ ಒಂದೂವರೆ ಗ್ರಾಂ ಆಸುಪಾಸು. ಅದೂ ಅರ್ಧಕ್ಕೆ ಮುಟ್ಟುವುದಿಲ್ಲ. ಆರ್ಜಿನೀನ್ ಮಾತ್ರ ಹತ್ತು ಗ್ರಾಮಿಗೂ ಮೇಲೆ, ಅಂದರೆ ಬೇಕಾದುದರ ಎರಡರಷ್ಟಿದೆ. ಮುದ್ರಣಾಲಯದ ಮಾತಿನಲ್ಲಿ ಹೇಳುವುದಾದರೆ, ಒಂದು ಮನೆಯಲ್ಲಿ ಮೊಳೆ ತುಂಬಿ ಹೊರಗೆ ಚೆಲ್ಲುತ್ತಿದೆ. ಎರಡು ಮನೆಗಳಲ್ಲಿ ಅರ್ಧವೂ ಇಲ್ಲ.

ಹಾಗಾದರೆ ಹಸು? ಗೌಡರ ಆ ಆಕ್ಷೇಪಣೆ ಬಹು ಯುಕ್ತವಾದದ್ದು. ಹಸುವಿನ ಮೊದಲನೆಯ ಹೊಟ್ಟೆಯಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಹಿಂಡಿಯ ಪ್ರೋಟೀನಿನ ಬಹುಭಾಗವನ್ನು ಅವು ಒಡೆದು, ಲೈಸೀನನ್ನೂ ಮೆಥಿಯೋನೀನನ್ನೂ ತಾವೇ ತಯಾರಿಸಿಕೊಂಡು ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಹಸು ಅನಂತರ ಆ ಜೀವಿಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಹಸುವಿಗೆ ಹೊಟ್ಟೆಯಲ್ಲಿಯೇ ಒಂದು ಮೊಳೆಯ ಕಾರ್ಖಾನೆ ಇದೆಯೆಂದು ತಿಳಿಯಿರಿ. ಗೆಂಡೆಯ ಜಾತಿಯ ಮೀನಿಗೆ ಕಾರ್ಖಾನೆಯ ಮಾತಿರಲಿ, ಜಠರವೇ ಇಲ್ಲ. ಗಂಟಲಿನಿಂದ ನೇರವಾಗಿ ಕರುಳು. ಬಾಯಿಗೆ ಬಿದ್ದುದೆಷ್ಟೋ ಅಷ್ಟೇ ಅದರ ಬಂಡವಾಳ.

ಇನ್ನೊಂದು ಪ್ರಶ್ನೆಯನ್ನು ತಾವು ಕೇಳಬಹುದು. ಜೋಡಣೆಗೆ ಬಾರದೆ ಮಿಕ್ಕ ಅಮೈನೋ ಆಮ್ಲಗಳ ಗತಿ ಏನು? ಮೊಳೆಯಾಗಿದ್ದರೆ ನಾಳೆಗೆ ಎತ್ತಿಡಬಹುದಾಗಿತ್ತು. ಮೈಯಲ್ಲಿ ಇವನ್ನು ಎತ್ತಿಡುವ ಉಗ್ರಾಣವಿಲ್ಲ. ಮೀನು ಅವನ್ನು ಸೌದೆಯಂತೆ ಸುಟ್ಟು ಶಕ್ತಿಯಾಗಿ ಬಳಸಿಕೊಳ್ಳುತ್ತದೆ. ಅವುಗಳಲ್ಲಿದ್ದ ಸಾರಜನಕ ಅಮೋನಿಯವಾಗಿ ಕಿವಿರುಗಳ ಮೂಲಕ ನೀರಿಗೆ ಬರುತ್ತದೆ. ಎಂದರೆ, ಹಣ ಕೊಟ್ಟು ಹಾಕಿದ ಪ್ರೋಟೀನಿನಲ್ಲಿ ಬಹು ಪಾಲು ಮಾಂಸವಾಗದೆ ಹೊಂಡದ ನೀರನ್ನು ಕೆಡಿಸುವ ವಿಷವಾಗುತ್ತದೆ. ಹಸುರು ಪಾಚಿ ಬೆಳೆದ ನೀರು ಮಧ್ಯಾಹ್ನದ ಬಿಸಿಲಿನಲ್ಲಿ ಹೆಚ್ಚು ಕ್ಷಾರವಾಗುತ್ತದೆ. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷ ತೀಕ್ಷ್ಣವಾಗುತ್ತದೆ. ಮೀನು ಬೆಳೆಯಲಿಲ್ಲವೆಂದು ರೈತ ಹಿಂಡಿಯನ್ನು ಇಮ್ಮಡಿ ಮಾಡುತ್ತಾನೆ. ಕೊರತೆಯ ಜೊತೆಗೆ ವಿಷವೂ ಇಮ್ಮಡಿಯಾಗುತ್ತದೆ. ಕೆಲವು ಜಾತಿಯ ಮೀನುಗಳಲ್ಲಿ ಈ ಕೊರತೆ ಕಣ್ಣಿಗೆ ಕಾಣುವುದೂ ಉಂಟು. ಟ್ರೌಟ್ ಮೀನಿಗೆ ಮೆಥಿಯೋನೀನ್ ಸಾಲದಿದ್ದರೆ ಕಣ್ಣಿನಲ್ಲಿ ಪೊರೆ ಬರುತ್ತದೆ; ಟ್ರಿಪ್ಟೊಫೇನ್ ಸಾಲದಿದ್ದರೆ ಬೆನ್ನುಮೂಳೆ ಸೊಟ್ಟಗಾಗುತ್ತದೆ. ಆದರೆ ಸಾಮಾನ್ಯವಾದ ಲಕ್ಷಣ ಒಂದೇ: ಮೀನು ಬದುಕಿರುತ್ತದೆ, ಬೆಳೆಯುವುದಿಲ್ಲ. ರೋಗವಿದ್ದರೆ ಔಷಧ ಹುಡುಕಿಯೇವು. ಹೀಗೆ ಸದ್ದಿಲ್ಲದೆ ಆಗುವ ನಷ್ಟಕ್ಕೆ ದೃಷ್ಟಿಯೆಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

"ನಮ್ಮೂರ ಕೆರೆಯಲ್ಲಿ ಯಾರೂ ಏನೂ ಹಾಕದೆ ಮೀನು ಬೆಳೆಯುತ್ತದಲ್ಲ?" ಎಂದು ಗೌಡರು ಬಿಡದೆ ಕೇಳಿದರು. ಇದಕ್ಕೆ ಉತ್ತರ ಕೆರೆಯ ಮಣ್ಣಿನಲ್ಲಿದೆ. ಹಳೆಯ ಕೆರೆಯ ಕೆಸರಿನಲ್ಲಿಯೂ ನೀರಿನಲ್ಲಿಯೂ ಹುಳು, ನೀರಿನ ಚಿಗಟ, ಕಣ್ಣಿಗೆ ಕಾಣದಷ್ಟು ಸಣ್ಣ ಜಲಪ್ರಾಣಿಗಳು ಲೆಕ್ಕವಿಲ್ಲದಷ್ಟಿರುತ್ತವೆ. ಇವೂ ಪ್ರಾಣಿಗಳಾದುದರಿಂದ ಇವುಗಳ ಪ್ರೋಟೀನಿನ ಅಕ್ಷರಗಳು ಮೀನಿಗೆ ಬೇಕಾದ ಅಕ್ಷರಗಳಿಗೆ ಬಹುಮಟ್ಟಿಗೆ ಹೊಂದುತ್ತವೆ. ವಿಸ್ತಾರವಾದ ಕೆರೆಯಲ್ಲಿ ಮೀನು ವಿರಳವಾಗಿದ್ದಾಗ ಪ್ರತಿಯೊಂದಕ್ಕೂ ಈ ಊಟ ಸಾಕಷ್ಟು ದೊರೆಯುತ್ತದೆ. ಅಲ್ಲಿ ಯಾರಾದರೂ ಹಿಂಡಿ ಹಾಕಿದರೆ ಅದು ಮೇಲೋಗರ. ಶಕ್ತಿಗೆ ಹಿಂಡಿ, ಮಾಂಸಕ್ಕೆ ಹುಳು. ಆದುದರಿಂದ ಹಿಂಡಿಯ ಕೊರತೆ ಅಲ್ಲಿ ಬಯಲಾಗುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರಿಲ್ಲ, ಹುಳುವಿಗೆ ನೆಲೆಯಿಲ್ಲ. ಮೀನಿನ ಸಂಖ್ಯೆಯೋ ಹೆಚ್ಚು. ಅಲ್ಲಿ ಮೇಲೋಗರವೇ ಊಟವಾಗಬೇಕಾಗುತ್ತದೆ. ಆಗ ಅದರ ನಿಜವಾದ ಬೆಲೆ ಹೊರಬೀಳುತ್ತದೆ.

ಇನ್ನು ಪರಿಹಾರದ ವಿಚಾರ. ಅದನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ತುಮಕೂರು ಸೀಮೆಯ ಅಡಿಗೆಯ ಮನೆಯಲ್ಲಿಯೇ ಇದೆ. ರಾಗಿಯ ಮುದ್ದೆಗೆ ಹುರುಳಿಯ ಸಾರು ಏಕೆ? ರುಚಿಗೆ ಎಂದು ನಾವು ಹೇಳುತ್ತೇವೆ. ರಾಗಿಯ ಪ್ರೋಟೀನಿನಲ್ಲಿ ಮೆಥಿಯೋನೀನ್ ಚೆನ್ನಾಗಿದೆ, ಲೈಸೀನ್ ಕಡಮೆ. ಹುರುಳಿಯಲ್ಲಿ ಲೈಸೀನ್ ಹೇರಳ, ಮೆಥಿಯೋನೀನ್ ಕಡಮೆ. ಎರಡೂ ಒಂದೇ ತಟ್ಟೆಗೆ ಬಂದಾಗ ಒಂದರ ಬರಿಯ ಮನೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ತೊಗರಿಯ ಹುಳಿ ಎನ್ನುವುದೂ ಇದೇ ಲೆಕ್ಕ. ನಮ್ಮ ಅಜ್ಜಿಯರಿಗೆ ಲೈಸೀನಿನ ಹೆಸರು ಗೊತ್ತಿರಲಿಲ್ಲ. ಬರಿಯ ಮುದ್ದೆ ತಿಂದು ಮಗು ಬೆಳೆಯುವುದಿಲ್ಲವೆಂಬುದು ಗೊತ್ತಿತ್ತು.

ಮೀನಿಗೂ ಇಂಥ ಜೊತೆಯನ್ನು ಕೂಡಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಬ್ಬರಿಯ ಹಿಂಡಿಗೆ ಕಡಲೆಕಾಯಿಯ ಹಿಂಡಿಯನ್ನು ಬೆರಸಿದರೆ ಪ್ರೋಟೀನಿನ ಪ್ರಮಾಣವೇನೋ ಏರುತ್ತದೆ, ಜೊತೆ ಮಾತ್ರ ಆಗುವುದಿಲ್ಲ. ಕಡಲೆಕಾಯಿಯಲ್ಲಿಯೂ ಲೈಸೀನ್ ಕಡಮೆ, ಮೆಥಿಯೋನೀನ್ ಇನ್ನೂ ಕಡಮೆ, ಆರ್ಜಿನೀನ್ ವಿಪರೀತ. ಕುರುಡನಿಗೆ ಕುರುಡ ಕೈ ಹಿಡಿದಂತೆ. ಎಳ್ಳಿನ ಹಿಂಡಿ ಮೆಥಿಯೋನೀನನ್ನು ತರುತ್ತದೆ, ಲೈಸೀನನ್ನು ತರುವುದಿಲ್ಲ. ಸೋಯಾ ಅವರೆಯ ಹಿಂಡಿ ಲೈಸೀನನ್ನು ತರುತ್ತದೆ, ಮೆಥಿಯೋನೀನನ್ನು ಅಷ್ಟಾಗಿ ತರುವುದಿಲ್ಲ. ಅದನ್ನು ಬಿಸಿಯಲ್ಲಿ ಹದಮಾಡದಿದ್ದರೆ ಜೀರ್ಣಕ್ಕೆ ಅಡ್ಡಿಯೂ ಆಗುತ್ತದೆ. ಎರಡನ್ನೂ ತರುವುದು ಸಮುದ್ರದ ಮೀನಿನ ಪುಡಿ. ಆದರೆ ಅದರ ಬೆಲೆ ಸಣ್ಣ ರೈತನಿಗೆ ಎಟಕುವುದಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ವಸ್ತುವಿದೆ. ರಾಮನಗರ, ಶಿಡ್ಲಘಟ್ಟಗಳಂಥ ಊರುಗಳಲ್ಲಿ ಗೂಡಿನಿಂದ ರೇಷ್ಮೆ ಬಿಚ್ಚಿದ ಮೇಲೆ ಒಳಗಿನ ಸತ್ತ ಹುಳು ಉಳಿಯುತ್ತದೆ. ಒಣಗಿದ ಈ ಹುಳುವಿನ ತೂಕದಲ್ಲಿ ಅರ್ಧದಷ್ಟು ಪ್ರೋಟೀನು. ಆ ಪ್ರೋಟೀನಿನಲ್ಲಿ ಲೈಸೀನೂ ಮೆಥಿಯೋನೀನೂ ಮೀನಿನ ಪುಡಿಗೆ ಸರಿಸಮವಾಗಿ ನಿಲ್ಲುತ್ತವೆ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಂದೀಶ ಅವರೂ ಅವರ ಸಹೋದ್ಯೋಗಿಗಳೂ ಈ ಹುಳುವನ್ನು ಗೆಂಡೆಗೆ ತಿನ್ನಿಸಿ ನೋಡಿ, 1990ರಲ್ಲಿ ಫಲವನ್ನು ಪ್ರಕಟಿಸಿದರು. ಮೀನಿನ ಪುಡಿಯ ಬದಲಿಗೆ ಇದು ಸಲ್ಲುತ್ತದೆಂದು ಕಂಡಿತು.

ಒಂದು ಸರಳವಾದ ಲೆಕ್ಕ ಹಾಕೋಣ. 5 ಕಿಲೋ ಕೊಬ್ಬರಿಯ ಹಿಂಡಿಯಲ್ಲಿ 1 ಕಿಲೋ ಪ್ರೋಟೀನು. ಅದರಲ್ಲಿ ಲೈಸೀನ್ ಸುಮಾರು 27 ಗ್ರಾಂ. 2 ಕಿಲೋ ಒಣ ಹುಳುವಿನಲ್ಲಿಯೂ 1 ಕಿಲೋ ಪ್ರೋಟೀನು; ಅದರಲ್ಲಿ ಲೈಸೀನ್ ಸುಮಾರು 65 ಗ್ರಾಂ. ಎರಡನ್ನೂ ಬೆರಸಿದರೆ 2 ಕಿಲೋ ಪ್ರೋಟೀನಿಗೆ ಲೈಸೀನ್ 92 ಗ್ರಾಂ, ಅಂದರೆ 100ಕ್ಕೆ 4.6. ಹಿಂಡಿಯೊಂದರಲ್ಲಿಯೇ ಇದ್ದದ್ದು 2.7. ಕಾಟ್ಲಾ ಕೇಳುವ 6.2 ಇನ್ನೂ ಆಗಲಿಲ್ಲ, ನಿಜ. ಉಳಿದುದರಲ್ಲಿ ಸ್ವಲ್ಪವನ್ನು ಹೊಂಡಕ್ಕೆ ಸಗಣಿಯ ಗೊಬ್ಬರ ಹದವಾಗಿ ಹಾಕಿ ಬೆಳೆಸಿದ ಸೂಕ್ಷ್ಮ ಜಲಪ್ರಾಣಿಗಳು ತುಂಬಿಯಾವು. ಆಹಾರದ ಒಟ್ಟು ಪ್ರೋಟೀನು ಕೂಡ 100ಕ್ಕೆ 20ರಿಂದ ಸುಮಾರು 29ಕ್ಕೆ ಏರಿತು. ಹಿಂಡಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಒಂಟಿಯಾಗಿ ಬಿಡಬಾರದೆಂದು ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ಲೈಸೀನ್ ಪುಡಿಯಾಗಿಯೇ ಸಿಕ್ಕುವಾಗ ಈ ಬೆರಕೆಯ ತೊಂದರೆ ಏಕೆ ಎಂದು ಕೆಲವರು ಕೇಳುವರು. ಕಾರ್ಖಾನೆಯ ಮೇವಿನಲ್ಲಿ ಅದನ್ನು ಸೇರಿಸುವುದುಂಟು. ಮನೆಯಲ್ಲಿ ನೆನೆಸಿದ ಹಿಂಡಿಗೆ ಉದುರಿಸಿದರೆ ಅದು ಮೀನಿನ ಬಾಯಿ ಸೇರುವ ಮೊದಲೇ ನೀರಿನಲ್ಲಿ ಕರಗಿಹೋಗುತ್ತದೆ. ಬಾಯಿ ಸೇರಿದರೂ ಜಠರವಿಲ್ಲದ ಮೀನಿನಲ್ಲಿ ಅದು ಬೇಗನೆ ರಕ್ತಕ್ಕೆ ಸೇರಿ, ಹಿಂಡಿಯ ಪ್ರೋಟೀನು ಜೀರ್ಣವಾಗಿ ಬರುವಷ್ಟರಲ್ಲಿ ವ್ಯಯವಾಗಿರುತ್ತದೆ. ಮೊಳೆಗಳೆಲ್ಲ ಒಂದೇ ಹೊತ್ತಿಗೆ ಕೈಗೆ ಸಿಕ್ಕಿದರೆ ಮಾತ್ರ ಪದ. ಇದೇ ಕಾರಣದಿಂದ ದಿನಕ್ಕೆ ಒಂದೇ ಸಲ ರಾಶಿ ಸುರಿಯುವುದಕ್ಕಿಂತ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಮೇಲು. ಇನ್ನೆರಡು ಮಾತು: ಹುಳುವಿನ ಎಣ್ಣೆ ಬೇಗ ಕಮಟುವುದರಿಂದ ಅದನ್ನು ಬಹುಕಾಲ ಕೂಡಿಡಬಾರದು, ಬೂಷ್ಟು ಹಿಡಿದ ಹಿಂಡಿಯನ್ನು ಮೀನಿಗೂ ಹಾಕಬಾರದು, ಹಸುವಿಗೂ ಹಾಕಬಾರದು.

ಇದನ್ನೆಲ್ಲ ನಾನು ಹೊಂಡದ ದಡದಲ್ಲಿ ಕುಳಿತು ಗೌಡರಿಗೆ ಹೇಳಿದೆ. ಅವರು ಸಾವಧಾನದಿಂದ ಕೇಳಿದರು. "ಗೌಡರೇ, ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ. ಹೊಂಡದ ನಡುವೆ ಬಲೆ ಕಟ್ಟಿ ಎರಡು ಭಾಗ ಮಾಡಿ. ಒಂದು ಕಡೆ ಬರಿಯ ಹಿಂಡಿ, ಇನ್ನೊಂದು ಕಡೆ ಬೆರಕೆ. ಹದಿನೈದು ದಿನಕ್ಕೊಮ್ಮೆ ಹತ್ತು ಹತ್ತು ಮೀನು ಹಿಡಿದು ತೂಗಿ ಪುಸ್ತಕದಲ್ಲಿ ಬರೆದಿಡಿ" ಎಂದೆ. ಕೊಬ್ಬರಿಯ ತೂಕವನ್ನು ಗುಲಗಂಜಿಯಷ್ಟೂ ತಪ್ಪದೆ ನೋಡುವ ಜನರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಆಸ್ಬರ್ನ್ ಮತ್ತು ಮೆಂಡೆಲ್ ಮಾಡಿದ್ದೂ ಇಷ್ಟೆ: ಕೊಟ್ಟದ್ದೇನು, ಬೆಳೆದದ್ದೆಷ್ಟು ಎಂದು ಬರೆದಿಟ್ಟರು.

ಹೊರಡುವಾಗ ಗೌಡರು ಬಾಗಿಲ ತನಕ ಬಂದು, "ಹಾಗಾದ್ರೆ ದೃಷ್ಟಿ ತೆಗೆಸೋ ಖರ್ಚು ಉಳೀತು ಅನ್ನಿ, ಮೇಷ್ಟ್ರೇ. ಅದರಲ್ಲೇ ಹುಳ ತರಿಸ್ತೀನಿ" ಎಂದು ನಕ್ಕರು. ಕಳೆದ ತಿಂಗಳು ಅವರಿಂದ ಕಾಗದ ಬಂತು. ಬಲೆ ಕಟ್ಟಿದ್ದಾರಂತೆ, ಪುಸ್ತಕವನ್ನು ಮೊಮ್ಮಗಳಿಗೆ ಒಪ್ಪಿಸಿದ್ದಾರಂತೆ. ತೂಕ ಇನ್ನೂ ಎರಡೇ ಸಲ ಆಗಿದೆ; ಈಗಲೇ ಏನೂ ಹೇಳುವುದಕ್ಕಾಗದು ಎಂದು ಅವರೇ ಬರೆದಿದ್ದಾರೆ. ಆ ಒಂದು ವಾಕ್ಯ ನನಗೆ ಬಹಳ ಸಂತೋಷ ಕೊಟ್ಟಿತು.